ನಿರಂತರ ಒತ್ತಡದ ನಡುವೆ ನೆಮ್ಮದಿಯ ಬಾಳು: ಕೋಚಿಂಗ್ ಮನೋವಿಜ್ಞಾನದ ಪರಿಚಯ

'ಕೋಚಿಂಗ್' ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಜೆಇಇ, ನೀಟ್ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಮಕ್ಕಳು ಮತ್ತು ರಾತ್ರಿ ಮನೆಗೆ ಮರಳುವಾಗಿನ ಅವರ ದಣಿದ ಮುಖಗಳು. ಅನಂತರ ನೆನಪಾಗುವವರು ಕ್ರಿಕೆಟ್ ಮೈದಾನದ ತರಬೇತುದಾರರು. ಪ್ರಸ್ತುತ ಲೇಖನದಲ್ಲಿ ನಾವು ಪರಿಚಯಿಸಲು ಹೊರಟಿರುವುದು ಅದೇ ಹೆಸರನ್ನು ಹೊತ್ತಿದ್ದರೂ ಸ್ವಭಾವದಲ್ಲಿ ಬೇರೆಯೇ ಆದ ಒಂದು ವಿದ್ಯೆಯನ್ನು. ಗಂಭೀರವಾದ ಮಾನಸಿಕ ಕಾಯಿಲೆಯಿಲ್ಲದೆ, ತಮ್ಮ ಪಾಡಿಗೆ ದುಡಿದು ಬಾಳುತ್ತಿರುವ ಜನರು ತಮ್ಮ ಕೆಲಸವನ್ನೂ ಬದುಕನ್ನೂ ಇನ್ನಷ್ಟು ಸಮರ್ಪಕವಾಗಿ ನಡೆಸಿಕೊಳ್ಳುವಂತೆ, ಮನೋವಿಜ್ಞಾನದ ಪರೀಕ್ಷಿತ ತತ್ತ್ವಗಳನ್ನು ಬಳಸಿ ನೆರವಾಗುವ ಶಾಸ್ತ್ರಕ್ಕೆ ಕೋಚಿಂಗ್ ಮನೋವಿಜ್ಞಾನ ಎಂದು ಹೆಸರು. ಮುಂಬಯಿ, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಉನ್ನತ ಹುದ್ದೆಯಲ್ಲಿರುವ ನಮ್ಮ ಅನೇಕ ಬಂಧುಗಳಿಗೆ ಇದರ ಪರಿಚಯ ಈಗಾಗಲೇ ಆಗಿದೆ. ಮನೆಯ ಮಿಕ್ಕವರಿಗೆ ಅದೇನೆಂಬುದು ಇನ್ನೂ ಸ್ಪಷ್ಟವಾಗಿಲ್ಲ.

ಪದದ ಇತಿಹಾಸವೂ ಸ್ವಾರಸ್ಯಕರವಾಗಿದೆ. ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡು ಅದು ಯುರೋಪಿನಾದ್ಯಂತ ಹರಡಿತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ತಮ್ಮನ್ನು ಹೇಗೋ ಹೊತ್ತುಕೊಂಡು ಪರೀಕ್ಷೆ ದಾಟಿಸುವ ಖಾಸಗಿ ಪಾಠದ ಮೇಷ್ಟರನ್ನು ತಮಾಷೆಗೆ 'ಕೋಚ್' ಎಂದು ಕರೆಯತೊಡಗಿದರು. ಆಟದ ಮೈದಾನಕ್ಕೆ ಆ ಪದ ಬಂದದ್ದು ಆಮೇಲೆ. ಹೀಗಾಗಿ ನಮ್ಮ ಕೋಚಿಂಗ್ ಕ್ಲಾಸಿನವರು ಪದದ ಹಳೆಯ ಅರ್ಥಕ್ಕೆ ನಿಷ್ಠರಾಗಿಯೇ ಇದ್ದಾರೆ ಎನ್ನಬೇಕು!

ಮೈದಾನದಿಂದ ಕಚೇರಿಗೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1925ರಲ್ಲಿ ಕ್ರೀಡಾ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ಕೋಲ್ಮನ್ ಗ್ರಿಫಿತ್, ಮರುವರ್ಷವೇ ಕೋಚಿಂಗಿನ ಮನೋವಿಜ್ಞಾನವನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. 1938ರಲ್ಲಿ ಷಿಕಾಗೋ ಕಬ್ಸ್ ಬೇಸ್‌ಬಾಲ್ ತಂಡದ ಮಾಲೀಕರು ಅವರನ್ನು ನೇಮಿಸಿಕೊಂಡರು. ಆದರೆ ತಂಡದ ಮ್ಯಾನೇಜರಿಗೆ ಪ್ರಾಧ್ಯಾಪಕರ ಉಪದೇಶ ರುಚಿಸದೆ ಆ ಪ್ರಯತ್ನ ಫಲಿಸಲಿಲ್ಲ. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಈ ವಿಷಯ ಹೆಚ್ಚುಕಡಿಮೆ ಮೂಲೆಗುಂಪಾಗಿತ್ತು.

ತಿರುವು ನೀಡಿದವರು ತಿಮೋತಿ ಗಾಲ್ವೇ. ಟೆನಿಸ್ ಕಲಿಸುತ್ತಿದ್ದ ಅವರು 1974ರಲ್ಲಿ ಪ್ರಕಟಿಸಿದ 'ದಿ ಇನ್ನರ್ ಗೇಮ್ ಆಫ್ ಟೆನಿಸ್' ಎಂಬ ಕೃತಿಯಲ್ಲಿ, ಆಟಗಾರನ ನಿಜವಾದ ಎದುರಾಳಿ ಬಲೆಯ ಆಚೆಗಿಲ್ಲ, ಅವನ ತಲೆಯೊಳಗೆ ಕುಳಿತು ಸದಾ ತಪ್ಪು ಹುಡುಕುವ ದನಿಯಲ್ಲಿದೆ ಎಂಬ ವಿಚಾರವನ್ನು ಮಂಡಿಸಿದರು. ಸೂಚನೆ ಕೊಡುವುದನ್ನು ಕಡಿಮೆ ಮಾಡಿ, ಚೆಂಡು ಹೇಗೆ ಪುಟಿಯುತ್ತಿದೆ ಎಂಬುದನ್ನು ಆಟಗಾರನೇ ಗಮನಿಸುವಂತೆ ಪ್ರಶ್ನಿಸಿದರೆ ಕಲಿಕೆ ತಾನಾಗಿ ಆಗುತ್ತದೆ ಎಂಬುದು ಅವರ ಅನುಭವ. ಕಾರು ಓಟದ ಪಟುವಾಗಿದ್ದ ಇಂಗ್ಲೆಂಡಿನ ಸರ್ ಜಾನ್ ವಿಟ್ಮೋರ್ ಈ ವಿಧಾನವನ್ನು ಕಚೇರಿಗಳಿಗೆ ಒಯ್ದರು. ಗುರಿ, ವಾಸ್ತವ, ದಾರಿಗಳು, ಸಂಕಲ್ಪ ಎಂಬ ನಾಲ್ಕು ಹೆಜ್ಜೆಗಳ ಸಂಭಾಷಣಾ ಕ್ರಮ 1992ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ಜಗತ್ತಿಗೆಲ್ಲ ಪರಿಚಿತವಾಯಿತು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಗ್ರೋ' ಮಾದರಿ ಎಂದು ಕರೆಯುತ್ತಾರೆ.

ಆದರೂ ಇದಕ್ಕೆ ಶಾಸ್ತ್ರದ ಸ್ಥಾನ ದೊರೆತದ್ದು 2000ದಲ್ಲಿ, ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಆಂಥೊನಿ ಗ್ರಾಂಟ್ ಅವರು ಜಗತ್ತಿನ ಮೊದಲ ಕೋಚಿಂಗ್ ಮನೋವಿಜ್ಞಾನ ಘಟಕವನ್ನು ಆರಂಭಿಸಿದಾಗ. ಬ್ರಿಟನ್ನಿನ ಮನೋವಿಜ್ಞಾನಿಗಳ ಸಂಸ್ಥೆ 2004ರಲ್ಲಿ ಇದಕ್ಕಾಗಿ ವಿಶೇಷ ಸಮೂಹವೊಂದನ್ನು ರಚಿಸಿತು. ಸ್ವತಃ ಗ್ರಾಂಟ್ 2020ರಲ್ಲಿ ನಿಧನರಾದರು. ಮಾರುಕಟ್ಟೆಯಲ್ಲಿ ಬಿಕರಿಯಾಗುತ್ತಿದ್ದ ಉತ್ಸಾಹದ ಮಾತುಗಳನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ಪಟ್ಟುಹಿಡಿದುದು ಅವರ ದೊಡ್ಡ ಕೊಡುಗೆ ಎಂದು ನಾವು ತಿಳಿಯುತ್ತೇವೆ.

ಭಾರತದಲ್ಲಿ ಜನಸಾಮಾನ್ಯರಿಗೆ ಇದರ ಅರಿವಾದದ್ದು ಕ್ರೀಡೆಯ ಮೂಲಕವೇ. ದಕ್ಷಿಣ ಆಫ್ರಿಕದ ಪ್ಯಾಡಿ ಅಪ್ಟನ್ 2008ರಿಂದ 2011ರವರೆಗೆ ಭಾರತೀಯ ಕ್ರಿಕೆಟ್ ತಂಡದ ಮಾನಸಿಕ ತರಬೇತುದಾರರಾಗಿದ್ದರು; ಆ ಅವಧಿಯ ಕೊನೆಗೆ, 2011ರ ಏಪ್ರಿಲ್ 2ರಂದು, ವಾಂಖೆಡೆ ಮೈದಾನದಲ್ಲಿ ನಡೆದುದನ್ನು ಮುಂಬಯಿಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಚೆನ್ನೈಯ ಡಿ. ಗುಕೇಶ್ 2024ರ ಡಿಸೆಂಬರಿನಲ್ಲಿ ತಮ್ಮ 18ನೆಯ ವಯಸ್ಸಿಗೇ ವಿಶ್ವ ಚದುರಂಗ ಚಾಂಪಿಯನ್ ಆದಾಗಲೂ ಅವರ ಸಿದ್ಧತೆಯಲ್ಲಿ ಅಪ್ಟನ್ ಜೊತೆಗಿದ್ದರು.

ಒತ್ತಡ ಮತ್ತು ದೇಹ

ಕ್ರೀಡಾಪಟುವಿನ ಒತ್ತಡಕ್ಕೆ ಒಂದು ಪಂದ್ಯ, ಒಂದು ದಿನಾಂಕ ಇರುತ್ತದೆ. ಪಂದ್ಯ ಮುಗಿದರೆ ಅದೂ ಮುಗಿಯುತ್ತದೆ. ಸಂಸಾರಸ್ಥರ ಒತ್ತಡಕ್ಕೆ ಅಂಥ ಅಂತ್ಯವಿಲ್ಲ ಎನ್ನುವುದೇ ಇಲ್ಲಿಯ ಮುಖ್ಯ ತೊಡಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧಕರಾಗಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನದಲ್ಲಿ, ಇಲಿಗಳನ್ನು ಚಳಿ, ಗಾಯ, ವಿಷ, ಅತಿಶ್ರಮ ಮೊದಲಾದ ಯಾವ ಬಗೆಯ ಕಷ್ಟಕ್ಕೆ ಒಡ್ಡಿದರೂ ಅವುಗಳ ದೇಹ ಒಂದೇ ರೀತಿ ಪ್ರತಿಕ್ರಿಯಿಸುತ್ತದೆ ಎಂದು ತೋರಿಸಿದರು. ಮೊದಲು ಎಚ್ಚರದ ಹಂತ, ಬಳಿಕ ಎದುರಿಸಿ ನಿಲ್ಲುವ ಹಂತ, ಕಷ್ಟ ತೊಲಗದಿದ್ದರೆ ಕೊನೆಗೆ ಬಸವಳಿಯುವ ಹಂತ. ಎರಡನೆಯ ಹಂತವೇ ಮೋಸಗೊಳಿಸುವಂಥದು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವ್ಯಕ್ತಿ ಕೆಲಸಕ್ಕೆ ಹೋಗುತ್ತಾನೆ, ಮದುವೆ ಮುಂಜಿಗಳಿಗೂ ಬರುತ್ತಾನೆ, ನಗುತ್ತಾನೆ. ಒಳಗೆ ದಾಸ್ತಾನು ಕರಗುತ್ತಿರುತ್ತದೆ.

ನರವಿಜ್ಞಾನಿ ಬ್ರೂಸ್ ಮೆಕೀವನ್ 1993ರಲ್ಲಿ ಇದನ್ನು ಇನ್ನಷ್ಟು ವಿಶದಪಡಿಸಿದರು. ಒತ್ತಡದ ಗಳಿಗೆಯಲ್ಲಿ ಸ್ರವಿಸುವ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದವು ಶರೀರದ ರಕ್ಷಕರೇ. ರೈಲು ಹಿಡಿಯಲು ಮೆಟ್ಟಿಲು ಹತ್ತಿ ಓಡುವವನಿಗೆ ಶಕ್ತಿಯೊದಗಿಸುವುದು ಅವೇ. ಆದರೆ ಆ ವ್ಯವಸ್ಥೆ ಮರಳಿ ತಣ್ಣಗಾಗಲು ಅವಕಾಶವೇ ದೊರೆಯದಿದ್ದರೆ ರಕ್ತದೊತ್ತಡ, ಮಧುಮೇಹ, ನಿದ್ರಾಹೀನತೆಗಳ ರೂಪದಲ್ಲಿ ದೇಹ ಅದರ ಬೆಲೆಯನ್ನು ತೆರುತ್ತದೆ. ಆದ್ದರಿಂದ ಒತ್ತಡ ಎಷ್ಟಿದೆ ಎಂಬುದರ ಜೊತೆಗೆ ಎರಡು ಒತ್ತಡಗಳ ನಡುವೆ ಬಿಡುವು ಎಷ್ಟಿದೆ ಎಂಬುದನ್ನೂ ಕೇಳಬೇಕಾಗುತ್ತದೆ. ಈ ಲೇಖನದಲ್ಲಿ ನಾವು ಹೇಳಬಯಸುವ ವಿಚಾರಗಳಲ್ಲಿ ಇದೇ ಪ್ರಧಾನವಾದುದು.

ಇನ್ನೊಂದು ಅಂಶ ಹಿಡಿತಕ್ಕೆ ಸಂಬಂಧಿಸಿದ್ದು. ಲಂಡನ್ನಿನ ಸರಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ 'ವೈಟ್‌ಹಾಲ್' ಅಧ್ಯಯನ ಒಂದು ಹಳೆಯ ನಂಬಿಕೆಯನ್ನು ಅಲುಗಿಸಿತು. ದೊಡ್ಡ ಜವಾಬ್ದಾರಿ ಹೊತ್ತ ದೊಡ್ಡ ಸಾಹೇಬರಿಗೇ ಹೃದಯಾಘಾತ ಹೆಚ್ಚು ಎಂದು ಎಲ್ಲರೂ ಭಾವಿಸಿದ್ದರು. ಕೆಳದರ್ಜೆಯ ನೌಕರರಲ್ಲಿಯೇ ಹೃದಯರೋಗದ ಸಾವು ಹೆಚ್ಚೆಂದು ಲೆಕ್ಕ ತೋರಿಸಿತು; ಧೂಮಪಾನದಂಥ ಕಾರಣಗಳು ಈ ವ್ಯತ್ಯಾಸದ ಒಂದು ಪಾಲನ್ನಷ್ಟೇ ವಿವರಿಸಬಲ್ಲವಾಗಿದ್ದವು. 1985ರಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು ಆರಂಭವಾದ ಎರಡನೆಯ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಕಡಿಮೆಯೆನ್ನುವವರಲ್ಲಿ ಹೃದಯರೋಗದ ಅಪಾಯ ಹೆಚ್ಚಿರುವುದು ಕಂಡುಬಂತು. ಇದಕ್ಕೂ ಮುನ್ನ, 1979ರಲ್ಲೇ, ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸರು, ಕೆಲಸದ ಬೇಡಿಕೆ ಹೆಚ್ಚಿದ್ದು ತೀರ್ಮಾನದ ಸ್ವಾತಂತ್ರ್ಯ ಕಡಿಮೆಯಿರುವ ಉದ್ಯೋಗವೇ ಎಲ್ಲಕ್ಕಿಂತ ಹೆಚ್ಚು ಹಿಂಡುತ್ತದೆ ಎಂದು ಪ್ರತಿಪಾದಿಸಿದ್ದರು.

ಬಿಡುವೂ ಹಿಡಿತವೂ ಎರಡೂ ಇಲ್ಲದೆ ದೀರ್ಘಕಾಲ ದುಡಿದವರ ಸ್ಥಿತಿಗೆ 'ಬರ್ನ್‌ಔಟ್' ಎಂಬ ಹೆಸರಿದೆ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಇದನ್ನು ವರ್ಣಿಸಿದರು. ಸೇವಾಭಾವದಿಂದ ಬಂದವರೇ ಮೊದಲು ಬರಿದಾಗುವುದನ್ನು ಅವರು ಕಂಡಿದ್ದರು. ಕ್ರಿಸ್ಟಿನಾ ಮ್ಯಾಸ್ಲಾಕ್ ಇದರ ಮೂರು ಮುಖಗಳನ್ನು ಗುರುತಿಸಿದರು: ಮನಸ್ಸು ಬತ್ತಿದ ದಣಿವು, ಜನರ ಬಗೆಗೂ ಕೆಲಸದ ಬಗೆಗೂ ಹುಟ್ಟುವ ಕಹಿಯಾದ ನಿರ್ಲಿಪ್ತತೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದನ್ನು ಉದ್ಯೋಗಸಂಬಂಧಿ ವಿದ್ಯಮಾನವೆಂದು ಸೇರಿಸಲಾಗಿದೆ, ರೋಗವೆಂದಲ್ಲ. ಈ ಭೇದ ಮುಖ್ಯವಾದುದು. ಸಮಸ್ಯೆಯ ಬೇರು ವ್ಯಕ್ತಿಯೊಬ್ಬನ ದೌರ್ಬಲ್ಯದಲ್ಲಿದೆ ಎಂದು ತೀರ್ಮಾನಿಸಲು ಅದು ಅವಕಾಶ ಕೊಡುವುದಿಲ್ಲ.

ಸಂಭಾಷಣೆ ನಡೆಯುವ ಬಗೆ

ಇಷ್ಟಾದ ಮೇಲೆ, ಕೋಚ್ ಎನಿಸಿಕೊಂಡವರು ಮಾಡುವುದಾದರೂ ಏನು ಎಂಬ ಪ್ರಶ್ನೆ ಸಹಜ. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಡೊಂಬಿವಲಿಯಲ್ಲಿ ನೆಲೆಸಿ ಫೋರ್ಟ್ ಪರಿಸರದ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವ ನಡುವಯಸ್ಸಿನ ಮಹಿಳೆ. ಹೋಗುವಾಗ ಒಂದು ಗಂಟೆಗೂ ಮೀರಿದ ಲೋಕಲ್ ಪ್ರಯಾಣ, ಬರುವಾಗ ಅಷ್ಟೇ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಹನ್ನೆರಡನೆಯ ತರಗತಿಯ ಮಗ. 'ಒತ್ತಡ ಕಡಿಮೆಯಾಗಬೇಕು' ಎಂದು ಅವರು ಹೇಳುತ್ತಾರೆ.

ಹಿತೈಷಿಗಳಾದ ನಾವೆಲ್ಲ ಇಂಥ ಸಂದರ್ಭದಲ್ಲಿ ಕೂಡಲೇ ಸಲಹೆಗೆ ತೊಡಗುತ್ತೇವೆ: ಪ್ರಾಣಾಯಾಮ ಮಾಡಿ, ಸ್ವಯಂನಿವೃತ್ತಿ ತೆಗೆದುಕೊಳ್ಳಿ, ಎಲ್ಲಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಕೋಚ್ ಹಾಗೆ ಮಾಡುವುದಿಲ್ಲ. "ಒತ್ತಡ ಕಡಿಮೆಯಾದರೆ ನಿಮ್ಮ ವಾರ ಹೇಗೆ ಬೇರೆಯಾಗಿರುತ್ತದೆ, ಮೇಡಮ್?" ಎಂದು ಕೇಳುತ್ತಾರೆ. ತುಸು ಯೋಚಿಸಿ ಆಕೆ, ವಾರದಲ್ಲಿ ನಾಲ್ಕು ರಾತ್ರಿಯಾದರೂ ಹನ್ನೊಂದರ ಒಳಗೆ ಮಲಗಬೇಕು, ಮಗನ ಜೊತೆ ಸಿಡುಕದೆ ಕುಳಿತು ಊಟ ಮಾಡಬೇಕು ಎನ್ನುತ್ತಾರೆ. ಇದು ಗುರಿ. ಅಸ್ಪಷ್ಟವಾದ ಬಯಕೆ ಈಗ ಕೈಗೆ ಸಿಗುವ ವಸ್ತುವಾಯಿತು. ಮುಂದಿನದು ವಾಸ್ತವ. ಒಂದು ವಾರ ಆಕೆ ತನ್ನ ಸಂಜೆಗಳನ್ನು ಬರೆದಿಡುತ್ತಾರೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಕಚೇರಿಯ ವಾಟ್ಸ್‌ಆ್ಯಪ್ ಗುಂಪನ್ನು ಪದೇ ಪದೇ ನೋಡುತ್ತಿರುವುದು, ಇಡೀ ವಾರದಲ್ಲಿ ಅಂದೇ ಉತ್ತರಿಸಲೇಬೇಕಾಗಿದ್ದ ಸಂದೇಶ ಒಂದೇ ಒಂದು ಎಂಬುದು ಆಕೆಗೇ ಕಾಣುತ್ತದೆ. ಅತ್ತೆಯ ಶುಶ್ರೂಷೆಯಲ್ಲಿ ಠಾಣೆಯ ನಾದಿನಿಯ ನೆರವನ್ನು ಈವರೆಗೆ ಕೇಳಿಯೇ ಇಲ್ಲವೆಂಬುದೂ ಹೊಳೆಯುತ್ತದೆ.

ಆಮೇಲೆ ದಾರಿಗಳ ಹುಡುಕಾಟ. ಅಸಾಧ್ಯವೆನಿಸಿದವನ್ನೂ ಸೇರಿಸಿ ಎಂಟು ಹತ್ತು ದಾರಿಗಳನ್ನು ಆಕೆಯೇ ಹೇಳಬೇಕು, ಕೋಚ್ "ಇನ್ನೇನು?" ಎಂದಷ್ಟೇ ಕೇಳುತ್ತಿರುತ್ತಾರೆ. ಕೊನೆಯದಾಗಿ ಸಂಕಲ್ಪ. ಇಲ್ಲಿ ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆ ಉಪಯೋಗಕ್ಕೆ ಬರುತ್ತದೆ. 'ಇನ್ನು ಮುಂದೆ ಫೋನ್ ಕಡಿಮೆ ನೋಡುತ್ತೇನೆ' ಎಂಬ ಪ್ರತಿಜ್ಞೆಗಿಂತ 'ಇಂಥದು ನಡೆದಾಗ ಇಂಥದನ್ನು ಮಾಡುತ್ತೇನೆ' ಎಂಬ ರೂಪದ ನಿಶ್ಚಯ ಹೆಚ್ಚು ಕೈಗೂಡುತ್ತದೆ ಎಂದು ಅವರು 1999ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಆದ್ದರಿಂದ ನಮ್ಮ ಬ್ಯಾಂಕ್ ಅಧಿಕಾರಿಯ ನಿಶ್ಚಯ, 'ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಫೋನನ್ನು ಹಾಲಿನ ಕಪಾಟಿನಲ್ಲಿ ಚಾರ್ಜಿಗೆ ಇಡುತ್ತೇನೆ' ಎಂದಾಗುತ್ತದೆ. ನೋಡಲು ಅತಿ ಕ್ಷುಲ್ಲಕ. ಆದರೆ ಇದನ್ನು ಆಯ್ದವರು ಆಕೆ. ಕೈಬಿಟ್ಟು ಹೋಗಿದ್ದ ದಿನಚರಿಯ ಒಂದು ತುದಿ ಮರಳಿ ಆಕೆಯ ಕೈಗೆ ಬಂದಿದೆ. ಎರಡು ವಾರಗಳ ಅನಂತರದ ಭೇಟಿಯಲ್ಲಿ ಅದು ನಡೆಯಿತೇ, ನಡೆಯದಿದ್ದರೆ ಎಲ್ಲಿ ತಡೆಯಾಯಿತು ಎಂಬ ವಿಚಾರಣೆ ಇರುತ್ತದೆ. ಬೈಗುಳಕ್ಕೆ ಅಲ್ಲಿ ಜಾಗವಿಲ್ಲ.

ಬಿಡುವಿನ ವಿಚಾರ

ಜರ್ಮನಿಯ ಸಬೀನ್ ಸೋನೆನ್‌ಟಾಗ್ ಮತ್ತು ಷಾರ್ಲೋಟ್ ಫ್ರಿಟ್ಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೇತರಿಕೆಯ ನಾಲ್ಕು ಅನುಭವಗಳನ್ನು ಗುರುತಿಸಿದ್ದಾರೆ. ಕೆಲಸದಿಂದ ಮನಸ್ಸನ್ನು ಕಳಚಿಕೊಳ್ಳುವುದು, ಮೈಮನಗಳನ್ನು ಸಡಿಲಿಸುವುದು, ಉದ್ಯೋಗಕ್ಕೆ ಸಂಬಂಧವಿಲ್ಲದ ಯಾವುದಾದರೂ ಸಂಗತಿಯಲ್ಲಿ ಪಳಗುವುದು, ಬಿಡುವಿನ ವೇಳೆಯನ್ನು ತನ್ನ ಇಚ್ಛೆಯಂತೆ ಕಳೆಯುವುದು. ಟಿವಿ ಧಾರಾವಾಹಿಯ ಮುಂದೆ ಕುಳಿತು ಮರುದಿನದ ಮೀಟಿಂಗನ್ನೇ ನೆನೆಯುವವರಿಗೆ ಇವುಗಳಲ್ಲಿ ಯಾವುದೂ ದಕ್ಕುವುದಿಲ್ಲ.

ಮೂರನೆಯ ಅನುಭವದ ಬಗ್ಗೆ ಒಂದು ಮಾತು. ಕಷ್ಟಪಟ್ಟು ಕಲಿಯುವುದರಿಂದಲೂ ಮನಸ್ಸು ಚೇತರಿಸಿಕೊಳ್ಳುತ್ತದೆ ಎಂಬುದು ಮೇಲುನೋಟಕ್ಕೆ ವಿರೋಧಾಭಾಸದಂತೆ ತೋರಬಹುದು. ಹೊರನಾಡಿನ ಕನ್ನಡಿಗರಿಗೆ ಇದು ಹೊಸತೇನಲ್ಲ. ಹೋಟೆಲಿನಲ್ಲಿ ದಿನವಿಡೀ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರ ಪೀಳಿಗೆ ಮುಂಬಯಿಯಲ್ಲಿ ಆಗಿಹೋಗಿದೆ. ಭಾನುವಾರ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಲೆಕ್ಕಪರಿಶೋಧಕರು, ನಾಟಕದ ತಾಲೀಮಿಗೆ ಬರುವ ಇಂಜಿನಿಯರುಗಳು, ಲೋಕಲ್ ರೈಲಿನಲ್ಲಿಯೇ ತಾಳ ಹಿಡಿದು ಭಜನೆ ಮಾಡುವ ಪ್ರಯಾಣಿಕರು ಯಾವ ಸಂಶೋಧನೆಯನ್ನೂ ಓದದೆಯೇ ಈ ಮರ್ಮವನ್ನು ಕಂಡುಕೊಂಡಿದ್ದಾರೆ. ಆದರೆ ಅದೇ ಸಂಘದ ಕಾರ್ಯದರ್ಶಿಯಾಗಿ, ಸಭಾಂಗಣದ ಬಾಡಿಗೆ, ಆಹ್ವಾನಪತ್ರ, ಸ್ಮರಣಸಂಚಿಕೆಯ ಜಾಹೀರಾತು ಎಂದು ಓಡಾಡುವವರಿಗೆ ಅದು ಎರಡನೆಯ ಉದ್ಯೋಗವೇ ಆಗಿಬಿಡುತ್ತದೆ. ಇದನ್ನು ಓದುವ ಪದಾಧಿಕಾರಿ ಮಿತ್ರರು ಮುನಿಸಿಕೊಳ್ಳಬಾರದು!

ಪುರಾವೆ ಎಷ್ಟು, ಮಿತಿ ಎಲ್ಲಿ

ಗ್ರಾಂಟ್ ಮತ್ತು ಸಹಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ಹೆಸರಿಸಬೇಕು. ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ 41 ಮಂದಿ ಅಧಿಕಾರಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಕೋಚಿಂಗ್ ನೀಡಲಾಯಿತು. ಅರ್ಧ ದಿನದ ಕಾರ್ಯಾಗಾರ, 10 ವಾರಗಳಲ್ಲಿ ನಾಲ್ಕು ಭೇಟಿಗಳು, ಅಷ್ಟೇ. ಕೋಚಿಂಗ್ ಪಡೆದವರಲ್ಲಿ ಗುರಿಸಾಧನೆಯೂ ಪೆಟ್ಟು ತಿಂದು ಮತ್ತೆ ಎದ್ದು ನಿಲ್ಲುವ ಶಕ್ತಿಯೂ ಹೆಚ್ಚಿ, ಖಿನ್ನತೆ ಮತ್ತು ಒತ್ತಡದ ಲಕ್ಷಣಗಳು ಇಳಿದವು. 2014ರಲ್ಲಿ ನೆದರ್ಲೆಂಡಿನ ವಿದ್ವಾಂಸರು ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ಒಟ್ಟಾರೆ ಪರಿಣಾಮ ಅನುಕೂಲಕರವಾಗಿಯೇ ಇತ್ತು. ಹಾಗೆಂದು ಇದನ್ನು ಸಂಜೀವಿನಿ ಎಂದು ಭಾವಿಸಲಾಗದು. 41 ದೊಡ್ಡ ಸಂಖ್ಯೆಯಲ್ಲ. ಅಳತೆಯೆಲ್ಲ ಬಹುಮಟ್ಟಿಗೆ ಭಾಗವಹಿಸಿದವರ ಸ್ವಂತ ಉತ್ತರಗಳನ್ನೇ ಅವಲಂಬಿಸಿದೆ.

ಇದಕ್ಕಿಂತ ಗಂಭೀರವಾದ ಮಿತಿ ಬೇರೆಯಿದೆ. ಮೂವರ ಕೆಲಸವನ್ನು ಒಬ್ಬರ ಹೆಗಲಿಗೇರಿಸಿ, ಆಮೇಲೆ ಅವರಿಗೆ ಸಹನಶಕ್ತಿಯ ಪಾಠ ಹೇಳಿಸುವ ಕಂಪನಿಗಳಿಗೆ ಕೋಚಿಂಗ್ ಒಂದು ಅಗ್ಗದ ಮುಸುಕಾಗಬಲ್ಲದು. ಕರಾಸೆಕ್ ಮಾತಿನಂತೆ ಬದಲಾಗಬೇಕಾದದ್ದು ಕೆಲಸದ ರಚನೆಯಾಗಿದ್ದಾಗ ನೌಕರರ ಮನಸ್ಸನ್ನಷ್ಟೇ ತಿದ್ದಲು ಹೊರಡುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಮಕ್ಕಳ ವಿಷಯದಲ್ಲಿ ಸರಕಾರ ಈ ಸತ್ಯವನ್ನು ಸ್ವಲ್ಪಮಟ್ಟಿಗೆ ಒಪ್ಪಿಕೊಂಡಿದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಗಳು, 16 ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಮಾಡಬಾರದು, ವಾರಕ್ಕೊಂದು ರಜೆ ಇರಬೇಕು ಎನ್ನುತ್ತವೆ. ತಂದೆತಾಯಿಗಳು ಪ್ರವೇಶಕ್ಕೆ ಮೊದಲು ಇವನ್ನು ಕೇಳಿ ತಿಳಿಯುವುದು ಒಳಿತು.

ಕೋಚ್ ವೈದ್ಯರಲ್ಲ ಎಂಬುದನ್ನೂ ಮರೆಯಬಾರದು. ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು ಕೆಟ್ಟಿರುವುದು, ಪ್ರೀತಿಯ ಸಂಗತಿಗಳಲ್ಲಿಯೂ ಆಸಕ್ತಿ ಅಳಿದಿರುವುದು, ಅಕಾರಣ ಅಳು, ಎದೆಬಡಿತದ ಭಯ, ಕುಡಿತದ ಹೆಚ್ಚಳ, ಬದುಕೇ ಬೇಡವೆಂಬ ಮಾತು, ಇವುಗಳಲ್ಲಿ ಯಾವುದು ಕಂಡರೂ ಹೋಗಬೇಕಾದದ್ದು ಮನೋವೈದ್ಯರ ಅಥವಾ ಚಿಕಿತ್ಸಾ ಮನೋವಿಜ್ಞಾನಿಗಳ ಬಳಿಗೆ. ನುರಿತ ಕೋಚ್ ತಾವಾಗಿಯೇ ಅಲ್ಲಿಗೆ ಕಳಿಸುತ್ತಾರೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ದೇಶದ ಯಾವುದೇ ಮೂಲೆಯಿಂದ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಈ ಜಾಲಕ್ಕೆ ತಾಂತ್ರಿಕ ಮಾರ್ಗದರ್ಶನ ನೀಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್. ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಹಿಂದಿ, ಮರಾಠಿಗಳಲ್ಲಿ ವ್ಯವಹಾರವನ್ನೇನೋ ನಡೆಸುತ್ತೇವೆ. ಮನಸ್ಸು ಬಿಚ್ಚುವಾಗ ಮನೆಮಾತೇ ಬೇಕಾಗುವ ಹಿರಿಯರು ನಮ್ಮಲ್ಲಿ ಬಹಳಷ್ಟಿದ್ದಾರೆ.

ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಕೋಚ್ ಎಂಬ ಹೆಸರಿಗೆ ಅಂಥ ಕಾನೂನಿನ ಕಟ್ಟುಪಾಡಿಲ್ಲ. ವಾರಾಂತ್ಯದ ಶಿಬಿರವೊಂದನ್ನು ಮುಗಿಸಿದವರೂ ಫಲಕ ತೂಗುಹಾಕಬಹುದು. ಆದ್ದರಿಂದ ಹಣ ತೆರುವ ಮೊದಲು ಮನೋವಿಜ್ಞಾನದಲ್ಲಿ ಅವರ ವ್ಯಾಸಂಗವೇನು, ತಮ್ಮ ಕೆಲಸವನ್ನು ಅವರು ಯಾರಾದರೂ ಹಿರಿಯರೊಡನೆ ಪರಿಶೀಲಿಸಿಕೊಳ್ಳುತ್ತಾರೆಯೇ, ಎಷ್ಟು ಭೇಟಿಗಳಲ್ಲಿ ಮುಗಿಸುತ್ತಾರೆ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಕಿಲ್ಲ. ಖಚಿತ ಫಲದ ಭರವಸೆ ಕೊಡುವವರಿಂದ ದೂರವಿರುವುದು ಕ್ಷೇಮ. ಶುಲ್ಕವನ್ನು ಕಂಪನಿಯೇ ಕೊಡುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಅಲ್ಲಿ ನೌಕರ, ಕೋಚ್, ಕಂಪನಿ ಎಂದು ಮೂರು ಪಕ್ಷಗಳಿರುತ್ತವೆ. ಭೇಟಿಗಳ ಸಂಖ್ಯೆ, ಒಪ್ಪಿತ ಗುರಿ ಇಷ್ಟನ್ನು ಮಾತ್ರ ಕಂಪನಿಗೆ ತಿಳಿಸಿ, ಒಳಗೆ ಆಡಿದ ಮಾತು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಒಳ್ಳೆಯ ಕೋಚ್‌ಗಳ ಪದ್ಧತಿ. ಮೇಲಧಿಕಾರಿಗೆ ಏನೇನು ತಲುಪುತ್ತದೆ, ಏನು ತಲುಪುವುದಿಲ್ಲ ಎಂಬುದನ್ನು ಮೊದಲ ಭೇಟಿಗೆ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಬೇಕು.